ಎರಡೂಕಾಲು ನೂಲು

ತೊಲೆ ಕೊಯ್ಯುವುದು ಸುಲಭ, ಪಟ್ಟಿ ಕೊಯ್ಯುವುದು ಕಷ್ಟ. ಬಡಗಿಯಲ್ಲದವರಿಗೆ ಇದನ್ನು ಹೇಳಿದರೆ ನಗುತ್ತಾರೆ. ನಗಲಿ. ಏಳು ಅಡಿ ಉದ್ದದ ಪಟ್ಟಿ, ದಪ್ಪ ಎರಡೇ ನೂಲು, ಈ ತುದಿಗೂ ಆ ತುದಿಗೂ ಕೂದಲೆಳೆಯ ವ್ಯತ್ಯಾಸ ಇರಬಾರದು ಎಂದು ಹೇಳಿ ಅವರ ಕೈಗೆ ಗರಗಸ ಕೊಟ್ಟು ನಾನೂ ಒಮ್ಮೆ ನಗಬೇಕು ಅಂತ ಇದೆ. ಇಂಚಿಗೆ ಎಂಟು ನೂಲು, ಇದು ನಮ್ಮ ಲೆಕ್ಕ. ನಮ್ಮೂರಿನ ಬಡಗಿಗಳಿಗೆ ಮಂಚ, ಮೇಜು, ತೊಟ್ಟಿಲು ಎಲ್ಲ ಆಮೇಲೆ. ಮೊದಲ ಕೆಲಸ ಪಟ್ಟಿ. ಯಾರಾದರೂ ತೀರಿಕೊಂಡರೆ ಅವರ ಮನೆಯಲ್ಲಿ ಮುಚ್ಚುವಂಥದ್ದೆಲ್ಲ, ಅಂದರೆ ಬಾಗಿಲು, ಕಿಟಕಿ, ಪೆಟ್ಟಿಗೆಯ ಮುಚ್ಚಳ, ಎಲ್ಲ ಒಂದೇ ಅಳತೆಗೆ ಕಿರಿದಾಗಿ ಸಂದು ಬೀಳುತ್ತದೆ. ಹನ್ನೆರಡನೆಯ ದಿನ ಬಡಗಿ ಹೋಗಿ ಆ ಸಂದಿನ ಅಳತೆ ತೆಗೆದು, ಅಷ್ಟೇ ದಪ್ಪದ ಪಟ್ಟಿ ಕೊಯ್ದು, ಬಾಗಿಲಿನ ಅಂಚಿಗೆ ಕೂಡಿಸಬೇಕು. ಮನೆಯವರು ಪಟ್ಟಿಯ ಮೇಲೆ ಕೈಯಿಟ್ಟು ಹೋದವರ ಹೆಸರು ಹೇಳಬೇಕು. ಅಲ್ಲಿಗೆ ಸೂತಕ ಕಳೆಯಿತು.

ಯಾರದು ಎಷ್ಟು ಸಂದು ಅನ್ನುವುದು ಯಾರ ಕೈಯಲ್ಲೂ ಇಲ್ಲ. ಮೂರು ಅಂತಸ್ತಿನ ಮನೆ ಕಟ್ಟಿಸಿದ್ದ ಎಣ್ಣೆ ಗಾಣದ ಸಾಹುಕಾರರು ಹೋದಾಗ ಬಿದ್ದದ್ದು ಅರ್ಧ ನೂಲು. ಅವರ ಮಗ ನನ್ನನ್ನು ಹಿತ್ತಲಿಗೆ ಕರೆದು, "ಬಂದೋರ ಮುಂದೆ ಮೂರು ಅಂತ ಹೇಳಿ ಆಚಾರ್ರೇ, ಮರ್ಯಾದೆ ಪ್ರಶ್ನೆ" ಎಂದು ಕೈ ಹಿಡಿದುಕೊಂಡಿದ್ದ. ಅದೇ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಚೆನ್ನಕ್ಕ ಹೋದಾಗ ಅವಳ ಒಂಟಿ ಬಾಗಿಲಲ್ಲಿ ನಾಲ್ಕು ನೂಲು ಬಿದ್ದು ಕಿರುಬೆರಳು ತೂರುತ್ತಿತ್ತು. ಊರು ಬಿಟ್ಟು ಹೋದವರು ಎಲ್ಲಿ ಸತ್ತರೂ ಸಂದು ಇಲ್ಲೇ ಬೀಳುತ್ತದೆ. ಅಂಚೆಯವನಿಗಿಂತ ಮೊದಲು ಬಾಗಿಲಿಗೆ ಗೊತ್ತಾಗುತ್ತದೆ. ಹಾಗಾಗಿ ದೂರ ಹೋದವರಿರುವ ಮನೆಗಳಲ್ಲಿ ಬೆಳಿಗ್ಗೆ ಎದ್ದವರು ಮೊದಲು ಕ್ಯಾಲೆಂಡರಿನ ನಿನ್ನೆಯ ಹಾಳೆ ಹರಿದು, ತಲೆಬಾಗಿಲಿನ ಎರಡು ಪಡಿಗಳ ನಡುವೆ ಇಟ್ಟು ಮುಚ್ಚಿ ನೋಡುತ್ತಾರೆ. ಹಾಳೆ ಜಾರದೆ ನಿಂತರೆ ಹೋದವರು ಬದುಕಿದ್ದಾರೆ. ಆಮೇಲೆ ಮುಖ ತೊಳೆಯಲು ಹೋಗುತ್ತಾರೆ.

ನನ್ನ ಅಣ್ಣ ಮೌನೇಶ ಪಟ್ಟಿ ಕೊಯ್ಯುವುದರಲ್ಲಿ ಊರಿಗೇ ಒಬ್ಬ. ಒಂದು ಕೈಗರಗಸ, ಹೆರೆಯಲು ಒಂದು ಹತ್ತರಿ, ಒಂದು ಕಣ್ಣು, ಅಷ್ಟೇ. ಇನ್ನೊಂದು ಕಣ್ಣು ಮುಚ್ಚಿಕೊಂಡು ಹಲಗೆಯ ಉದ್ದಕ್ಕೂ ಒಮ್ಮೆ ನೋಡಿದನೆಂದರೆ ಅವನಿಗೆ ಗೀಟು ಬೇಕಿರಲಿಲ್ಲ. ಅಪ್ಪ ಹೋದಮೇಲೆ ನನಗೆ ಕೆಲಸ ಕಲಿಸಿದವನು ಅವನೇ. ನಮ್ಮದು ಎದುರುಬದುರು ಮನೆ, ನಡುವೆ ಒಂದು ಗಾಡಿ ಹೋಗುವಷ್ಟು ಓಣಿ. ಅವರ ಮನೆಯಲ್ಲಿ ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಸೀನುತ್ತಿದ್ದವರು ನಾವು. ಅವನ ಹೆಂಡತಿ ದೇವೀರಮ್ಮ, ನನ್ನ ಅತ್ತಿಗೆ, ನಾನು ಹನ್ನೆರಡು ವರ್ಷದವನಿದ್ದಾಗ ಆ ಮನೆಗೆ ಬಂದವರು. ಅವರಿಗೆ ಮಕ್ಕಳಾಗಲಿಲ್ಲ. ನನ್ನ ತಲೆಗೆ ಎಣ್ಣೆ ಒತ್ತಿ, ಕಿವಿ ಹಿಂಡಿ, ಮದುವೆ ಮಾಡಿಸಿದವರು ಅವರೇ.

ಎಲ್ಲ ಬಂತು, ಅಣ್ಣನ ಕಣ್ಣು ಮಾತ್ರ ನನಗೆ ಬರಲಿಲ್ಲ. ನಾನು ಕೊಯ್ದ ಪಟ್ಟಿಯನ್ನು ಅವನು ಯಾವಾಗಲೂ ಇನ್ನೊಮ್ಮೆ ಹತ್ತರಿ ಹಿಡಿದು ಸರಿ ಮಾಡಬೇಕಾಗುತ್ತಿತ್ತು. ಮೂವತ್ತು ದಾಟಿದ ಗಂಡಸು ಇದನ್ನು ಎಷ್ಟು ದಿನ ಸಹಿಸುತ್ತಾನೆ? ಸಂತೆಗೆ ಬಂದ ವ್ಯಾಪಾರಿಯೊಬ್ಬನ ಹತ್ತಿರ ಹಳಿ ಗರಗಸ ಕೊಂಡುಬಿಟ್ಟೆ. ಅಲ್ಯೂಮಿನಿಯಮ್ಮಿನ ಉದ್ದನೆಯ ಹಳಿ ಒಂದು. ಅದನ್ನು ಹಲಗೆಯ ಮೇಲೆ ಮಲಗಿಸಿ ಬಿಗಿದರೆ ಕರೆಂಟಿನ ಗರಗಸ ಅದರ ಮೇಲೆ ಜಾರುತ್ತ ನೆಟ್ಟಗೆ ಕೊಯ್ದುಕೊಂಡು ಹೋಗುತ್ತದೆ. ನೆಟ್ಟಗೇನೋ ಕೊಯ್ಯುತ್ತದೆ, ಆದರೆ ಎಲ್ಲಿ ಕೊಯ್ಯಬೇಕು ಅನ್ನುವುದು ಅದಕ್ಕೆ ಗೊತ್ತಿಲ್ಲವಲ್ಲ. ಮೊದಲ ಸಲ ಒಂದು ಸಾವಿನ ಮನೆಯಲ್ಲಿ ನಾನು ಕೊಯ್ದ ಪಟ್ಟಿ ಮೇಲೆ ಒಂದು ನೂಲು, ಕೆಳಗೆ ಮೂರು ನೂಲು ಬಂತು. ಅಣ್ಣ ಅದನ್ನು ಎತ್ತಿ ನೋಡಿ, "ಸತ್ತೋರ ಮನೆ ಕಣೋ ಇದು. ಇಲ್ಲಿಗೆ ಕಲಿಯಕ್ಕೆ ಬಂದಿದೀಯ?" ಅಂದ. ಅಳುತ್ತ ಕೂತಿದ್ದ ಹೆಂಗಸರು ಅಳು ನಿಲ್ಲಿಸಿ ನನ್ನ ಕಡೆ ನೋಡಿದರು.

ಅವತ್ತಿನ ಸಿಟ್ಟಿನಲ್ಲಿ ಹತ್ತು ದಿನ ನನ್ನ ಕೆಲಸದ ಕೊಟ್ಟಿಗೆ ಬಿಟ್ಟು ಹೊರಗೆ ಬರಲಿಲ್ಲ. ಹಲಸಿನ ಮೇಜಿಗೆ ಗೇಣಿಗೊಂದರಂತೆ ತೂತು ಕೊರೆದು ಗೂಟ ಇಳಿಸಿದೆ. ಹಳಿ ಗೂಟಕ್ಕೆ ಆತು ಕೂತರೆ ಅಲುಗುವಂತಿಲ್ಲ. ಹಳಿಯ ಎರಡು ತುದಿಗೂ ತೇಗದ ಒಂದೊಂದು ತೋಳು ಕೂಡಿಸಿದೆ. ತೋಳಿನ ಮೇಲೆ ಹಿಂದೆ ಮುಂದೆ ಜಾರುವ ತಡೆ, ಅದನ್ನು ಬಿಗಿಯುವುದಕ್ಕೆ ಹಳೆಯ ಸೈಕಲ್ಲಿನ ತಿರುಪು. ಎರಡೂ ತೋಳಿನ ತಡೆ ಒಂದೇ ಅಳತೆಗೆ ನಿಂತರೆ ಪಟ್ಟಿ ಎರಡು ತುದಿಗೂ ಒಂದೇ ದಪ್ಪ ಬರಲೇಬೇಕು. ಅಳತೆಗೆ ಇಂಚುಪಟ್ಟಿ ನಂಬುವಂತಿಲ್ಲ, ಕಣ್ಣು ಸುಳ್ಳು ಹೇಳುತ್ತದೆ. ಸಾವಿನ ಮನೆಯ ಸಂದಿಗೆ ಒಂದು ಬೆಣೆ ತೂರಿಸಿ, ಅದು ನಿಂತಲ್ಲಿ ಗೀಟು ಹಾಕಿ, ಅಷ್ಟೇ ದಪ್ಪಕ್ಕೆ ಸಣ್ಣದೊಂದು ಮರದ ಗಟ್ಟೆ ಉಜ್ಜಿ ತಂದು, ಆ ಗಟ್ಟೆಯನ್ನೇ ಇಟ್ಟು ತಡೆ ಹೊಂದಿಸುತ್ತಿದ್ದೆ. ಗರಗಸದ ಹಲ್ಲು ತಾನು ತಿನ್ನುವ ಪಾಲು ಬೇರೆ ಇದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು ತಿಳಿಯುವ ಹೊತ್ತಿಗೆ ನಾಲ್ಕು ಒಳ್ಳೆಯ ಹಲಗೆ ಸೌದೆಯಾಗಿದ್ದವು. ಕಿರಿದಾದ ಹಲಗೆಯ ಮೇಲೆ ಹಳಿ ವಾಲುತ್ತದೆ, ಅದಕ್ಕೆ ಪಕ್ಕದಲ್ಲಿ ಅಷ್ಟೇ ಎತ್ತರದ ಇನ್ನೊಂದು ಹಲಗೆಯ ಆಸರೆ. ಇದರಲ್ಲಿ ಒಂದೂ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಹನ್ನೊಂದನೆಯ ದಿನ ಕೊಯ್ದ ಪಟ್ಟಿಯನ್ನು ಎರಡು ತುಂಡು ಮಾಡಿ ಅಕ್ಕಪಕ್ಕ ಇಟ್ಟು ಬೆರಳಾಡಿಸಿದೆ. ಉಗುರಿಗೆ ಏನೂ ತಗುಲಲಿಲ್ಲ. ನನ್ನ ಹೆಂಡತಿ ಲೋಲಾಕ್ಷಿಯನ್ನು ಕೂಗಿ ಕರೆದು ಅವಳ ಉಗುರನ್ನೂ ಆಡಿಸಿದೆ. "ಏನೂ ಇಲ್ವಲ್ರೀ" ಅಂದಳು. ಅದೇ ಬೇಕಾಗಿತ್ತು.

ಅಣ್ಣ ಮೂರು ಪಟ್ಟಿ ಕೊಯ್ಯುವಷ್ಟರಲ್ಲಿ ನಾನು ಮನೆಯ ಬಾಗಿಲನ್ನೆಲ್ಲ ಮುಗಿಸಿ ಕೈ ತೊಳೆದಿರುತ್ತಿದ್ದೆ. ಜನ ನನ್ನನ್ನೇ ಕರೆಯತೊಡಗಿದರು. ಅಣ್ಣನಿಗೆ ಹೊಟ್ಟೆಕಿಚ್ಚು ಇರಲಿಲ್ಲ, ಅದನ್ನು ಈಗ ಹೇಳಬಲ್ಲೆ. ಆದರೆ ಅವನ ಕೈ ನಡುಗಲು ಶುರುವಾಗಿತ್ತು. ಹಾಗಿದ್ದಾಗ ಒಂದು ದಿನ ಮೇಷ್ಟ್ರ ಮನೆಯವರು ಸಾವಿನ ಗಡಿಬಿಡಿಯಲ್ಲಿ ಇಬ್ಬರನ್ನೂ ಕರೆದುಬಿಟ್ಟರು. ಅಣ್ಣನ ಎರಡು ಪಟ್ಟಿ ಓರೆಯಾದವು. ಮೂರನೆಯದಕ್ಕೆ ಹಲಗೆ ಎತ್ತಿಕೊಂಡು, "ಲೋ ಕಾಳ, ಈ ತುದಿ ಹಿಡ್ಕೋ ಬಾರೋ" ಎಂದು ಕರೆದ. ಸುಮ್ಮನೆ ಹೋಗಿ ಹಿಡಿದುಕೊಂಡಿದ್ದರೆ ಮುಗಿಯುತ್ತಿತ್ತು. ನಾನು ಅಷ್ಟು ಜನರ ಎದುರಿಗೆ, "ಅಣ್ಣಾ, ನಿನ್ನ ಕಣ್ಣಿಗಿಂತ ನನ್ನ ಗಟ್ಟೆಗೆ ಬುದ್ಧಿ ಜಾಸ್ತಿ. ನೀನು ಕೂತ್ಕೋ" ಅಂದೆ. ಯಾರೋ ಕಿಸಕ್ಕನೆ ನಕ್ಕರು. ಅಣ್ಣ ಹಲಗೆ ಕೆಳಗಿಟ್ಟು, ಗರಗಸ ಒರೆಸಿ ಚೀಲಕ್ಕೆ ಹಾಕಿಕೊಂಡ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಮರುದಿನ ಬೆಳಿಗ್ಗೆ, ಕೆಳಗಿನ ಊರುಗಳಲ್ಲಿ ಮರ ನೋಡಿಕೊಂಡು ಮೂರು ದಿನಕ್ಕೆ ಬರುತ್ತೇನೆ ಎಂದು ಅತ್ತಿಗೆಗೆ ಹೇಳಿ ಹೋದ. ನಾಲ್ಕನೆಯ ದಿನದಿಂದ ಅತ್ತಿಗೆ ಬಾಗಿಲಿಗೆ ಹಾಳೆ ಇಡಲು ಶುರುಮಾಡಿದರು.

ನನ್ನ ಕೊಟ್ಟಿಗೆಯಿಂದ ಅವರ ತಲೆಬಾಗಿಲು ನೇರ ಕಾಣುತ್ತದೆ. ಅತ್ತಿಗೆ ಹಾಳೆ ಇಟ್ಟು, ಬಾಗಿಲು ಮುಚ್ಚಿ, ಮೆಲ್ಲಗೆ ಎಳೆದು ನೋಡಿ, ಅದು ಹರಿಯುವಷ್ಟು ಬಿಗಿ ಇದೆ ಎಂದು ಖಾತ್ರಿಯಾದ ಮೇಲೆ ನನ್ನ ಕಡೆ ತಿರುಗಿ ಅಲ್ಲಿಂದಲೇ, "ಇದಾರೆ ಕಣಪ್ಪ" ಅನ್ನುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಮೇಷ್ಟ್ರ ಮನೆಯ ಮಾತು ಅವರ ಕಿವಿಗೂ ಬಿದ್ದಿತ್ತು. ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. "ಅವರಿಗೆ ಸ್ವಲ್ಪ ಬಿಂಕ ಜಾಸ್ತಿ. ಇಳಿದ ಮೇಲೆ ಬರ್ತಾರೆ" ಎಂದು ನನಗೇ ಸಮಾಧಾನ ಹೇಳುತ್ತಿದ್ದರು.

ಹೀಗೆ ಒಂದೂವರೆ ವರ್ಷ ಕಳೆಯಿತು. ಅತ್ತಿಗೆಯ ತಮ್ಮನ ಮಗುವಿಗೆ ನಾಮಕರಣ ಬಂತು. ಅವರಿಗೆ ಹೋಗಲು ಮನಸ್ಸಿಲ್ಲ, ಲೋಲಾಕ್ಷಿಯೇ ಬಲವಂತ ಮಾಡಿ ಹೊರಡಿಸಿದಳು. ಹೊರಡುವಾಗ ಅತ್ತಿಗೆ ಬೀಗದ ಕೈ ನನಗೆ ಕೊಟ್ಟು, "ಮೂರು ದಿನ ಹಾಳೆ ನೀನು ಇಡಪ್ಪ. ಮರೀಬೇಡ" ಅಂದರು. ಮೊದಲ ದಿನ ಇಟ್ಟೆ, ನಿಂತಿತು. ಎರಡನೆಯ ದಿನ ಇಟ್ಟು ಬಾಗಿಲು ಮುಚ್ಚಿದೆ. ಹಾಳೆ ಜಾರಿ ನನ್ನ ಕಾಲ ಮೇಲೆ ಬಿತ್ತು. ಎತ್ತಿ ಮತ್ತೆ ಇಟ್ಟೆ, ಮತ್ತೆ ಬಿತ್ತು. ನಾಲ್ಕು ಮಡಿಕೆ ಮಾಡಿ ಇಟ್ಟೆ. ಅದೂ ಬಿತ್ತು.

ಆಗ ನಾನು ಏನು ಮಾಡಿದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಅಳಲಿಲ್ಲ. ಜೇಬಿನಿಂದ ಬೆಣೆ ತೆಗೆದು ಸಂದಿಗೆ ತೂರಿಸಿ ಗೀಟು ಹಾಕಿದೆ. ಕೈಗೆ ಅದೇ ರೂಢಿ. ಎರಡೂಕಾಲು ನೂಲು. ಗೀಟು ಹಾಕಿದ ಮೇಲೆಯೇ ಅದು ನನ್ನ ಅಣ್ಣ ಎಂದು ಹೊಳೆದು ಹೊಸ್ತಿಲ ಮೇಲೆ ಕೂತುಬಿಟ್ಟೆ. ಓಣಿಯಲ್ಲಿ ಹಾಲಿನವಳು ಹೋಗುತ್ತಿದ್ದಳು, "ಏನಾಚಾರ್ರೇ, ಹೊಸ್ತಿಲ ಮೇಲೆ ಕೂತ್ಕೋಬಾರ್ದು" ಅಂದಳು. ಎದ್ದು ನಿಂತೆ. ಎಲ್ಲಿ ಸತ್ತ, ಯಾರ ಜಗುಲಿಯ ಮೇಲೆ, ನೀರು ಕೊಡುವವರಾದರೂ ಇದ್ದರೋ ಇಲ್ಲವೋ. ಅದಕ್ಕಿಂತ ದೊಡ್ಡದಾಗಿ ತಲೆಯಲ್ಲಿ ಕುಳಿತದ್ದು ಇನ್ನೊಂದು: ನಾಡಿದ್ದು ಅತ್ತಿಗೆ ಬಂದು ಈ ಬಾಗಿಲ ಮುಂದೆ ನಿಲ್ಲುತ್ತಾರೆ, ಹಾಳೆ ಬೀಳುತ್ತದೆ, ತಿರುಗಿ ನನ್ನ ಕಡೆ ನೋಡುತ್ತಾರೆ.

ಆ ನೋಟ ನನಗೆ ಬೇಡವಾಗಿತ್ತು. ಗಟ್ಟೆ ಉಜ್ಜಿಕೊಂಡು ಕೊಟ್ಟಿಗೆಗೆ ಬಂದೆ. ಅಪ್ಪನ ಕಾಲದ ಹಳೆಯ ತೇಗದ ಹಲಗೆ ಒಂದಿತ್ತು, ಅಣ್ಣನ ಮನೆಯ ಬಾಗಿಲೂ ಅದೇ ಮರದ್ದು. ಅದನ್ನು ಮೇಜಿಗೆ ಹಾಕಿ, ತೋಳುಗಳ ತಡೆಯನ್ನು ಗಟ್ಟೆಗೆ ಹೊಂದಿಸಿ, ನಡುಹಗಲಿನಲ್ಲಿ, ಇಡೀ ಓಣಿಗೆ ಕೇಳುವ ಹಾಗೆ ಗರಗಸ ಓಡಿಸಿದೆ. ನನ್ನ ಕೊಟ್ಟಿಗೆಯಲ್ಲಿ ಗರಗಸ ಕೂಗಿದರೆ ಯಾಕೆ ಎಂದು ಯಾರು ಕೇಳುತ್ತಾರೆ? ತಲೆಬಾಗಿಲಿನ ಬಲ ಪಡಿ, ಅಡುಗೆಮನೆ, ಹಿತ್ತಲ ಬಾಗಿಲು, ಮೂರು ಕಿಟಕಿ, ಅಕ್ಕಿ ಪೆಟ್ಟಿಗೆಯ ಮುಚ್ಚಳ. ಸಾಮಾನ್ಯವಾಗಿ ಪಟ್ಟಿಯನ್ನು ಕೈ ತಗುಲುವ ಅಂಚಿಗೆ ಕೂಡಿಸುತ್ತೇವೆ, ದಿನಾ ಮುಟ್ಟಲಿ ಎಂದು. ನಾನು ಯಾರ ಕಣ್ಣಿಗೂ ಬೀಳದ ಹಾಗೆ, ಬಾಗಿಲು ತಿರುಗುವ ತಿರುಗಣಿಯ ಕಡೆಯ ಅಂಚಿಗೆ ಕೂಡಿಸಿದೆ. ಹೊಸದಾಗಿ ಕೊಯ್ದ ಬಣ್ಣ ಹೋಗಲಿ ಎಂದು ಚಹಾದ ಡಿಕಾಕ್ಷನ್ ಬಳಿದು ಮೇಣ ಉಜ್ಜಿದೆ. ಎಂಥ ಕೆಲಸ ಅದು! ನನ್ನ ಜನ್ಮದಲ್ಲಿ ಅಷ್ಟು ಚೊಕ್ಕವಾಗಿ ಇನ್ನೊಂದು ಪಟ್ಟಿ ಕೂಡಿಸಿಲ್ಲ. ಮುಗಿದ ಮೇಲೆ ಹಾಳೆ ಇಟ್ಟು ಮುಚ್ಚಿದೆ, ನಿಂತಿತು. ಪುಡಿ ಗುಡಿಸಿ, ಮನೆಗೆ ಬಂದು ಊಟಕ್ಕೆ ಕೂತೆ. ಲೋಲಾಕ್ಷಿ, "ಏನ್ರೀ, ಮುಖ ಒಂಥರಾ ಇದೆ" ಅಂದಳು. ಧೂಳು ಅಂದೆ. ಅಣ್ಣನಿಗೆ ನಾನು ಹಿಡಿದ ಸೂತಕ ಅಷ್ಟೇ.

ಅತ್ತಿಗೆ ಬಂದರು. ಬ್ಯಾಗು ಕೆಳಗಿಡುವ ಮೊದಲೇ ಹಾಳೆ ಹರಿದು ಬಾಗಿಲಿಗೆ ಇಟ್ಟರು. "ಇದಾರೆ" ಅಂದು ನಕ್ಕರು. ನನಗೆಂದು ಡಬ್ಬಿಯಲ್ಲಿ ಹೋಳಿಗೆ ತಂದಿದ್ದರು. ತಿಂದೆ. ಅತ್ತಿಗೆಯ ಹಣೆಯ ಕುಂಕುಮ ಉಳಿಸಿದೆ ಅಂದುಕೊಂಡೆ, ಅವರಿಗಾಗಿ ಮಾಡಿದೆ ಅಂದುಕೊಂಡೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದು ಹೀಗೇ ಇರಬೇಕು.

ನಾನು ಯೋಚಿಸದೇ ಹೋದದ್ದು ಒಂದಿತ್ತು. ಸತ್ತವನು ಬರಲಿಲ್ಲ ಎಂದರೆ ಯಾರೂ ಬೇಸರಿಸುವುದಿಲ್ಲ. ಬದುಕಿರುವವನು ಬರದಿದ್ದರೆ? ಎರಡನೆಯ ವರ್ಷ ಮುಗಿಯಿತು, ಮೂರನೆಯದು ಬಂತು. ಹಾಳೆ ದಿನಾ ಗಟ್ಟಿಯಾಗಿ ನಿಲ್ಲುತ್ತಿತ್ತು. ಬಾವಿಕಟ್ಟೆಯಲ್ಲಿ ಹೆಂಗಸರು, "ಆಚಾರ್ರು ಚೆನ್ನಾಗೇ ಇದಾರಲ್ಲ, ಬರೋಕೇನಂತೆ? ಅಲ್ಲೇ ಯಾರನ್ನಾದ್ರೂ ಕಟ್ಕೊಂಡಿರ್ಬೇಕು" ಎಂದು ಆಡಿಕೊಂಡರು. ಅದು ಅತ್ತಿಗೆಯ ಕಿವಿಗೆ ಬಿತ್ತು. ಒಂದು ಬೆಳಿಗ್ಗೆ ಹಾಳೆ ಎಳೆದು ನೋಡಿ, ನನ್ನ ಕಡೆ ತಿರುಗಿ, "ಇದಾನೆ" ಅಂದರು. ಮೂವತ್ತು ವರ್ಷದಲ್ಲಿ ಅವರ ಬಾಯಲ್ಲಿ ಅಣ್ಣನಿಗೆ ಏಕವಚನ ಕೇಳಿದ್ದು ಅದೇ ಮೊದಲು.

ಅಲ್ಲಿಂದ ಮುಂದೆ ಸಂಜೆಯಾದರೆ ಬೈಗುಳ. ಜಗುಲಿಯ ಮೇಲೆ ಸೊಪ್ಪು ಸೋಸುತ್ತ ಕೂತು, ಎದುರಿಗೆ ಅಣ್ಣನೇ ಕೂತಿರುವ ಹಾಗೆ ಬೈಯುತ್ತಿದ್ದರು. ಇಷ್ಟು ವರ್ಷ ನುಂಗಿಕೊಂಡಿದ್ದೆಲ್ಲ ಬಂತು. ಮಕ್ಕಳಿಲ್ಲ ಎಂದು ಅವನು ಒಮ್ಮೆ ಆಡಿದ್ದ ಮಾತು, ಜ್ವರದಲ್ಲಿ ಮಲಗಿದ್ದಾಗ ಕೆಲಸಕ್ಕೆ ಹೋದದ್ದು, ಎಲ್ಲ. ಅಣ್ಣ ಮನೆಯಲ್ಲೇ ಬಿಟ್ಟು ಹೋಗಿದ್ದ ಕೈಗರಗಸವನ್ನು ಗುಜರಿಯವನಿಗೆ ಹಾಕಿದರು. ಒಂದು ದಿನ ನಾನು ಹೊರಗಿನಿಂದ ಬರುವಾಗ ಅವರ ಬಚ್ಚಲೊಲೆಯಲ್ಲಿ ಅಣ್ಣನ ಕೆಲಸದ ಮೇಜಿನ ಕಾಲು ಉರಿಯುತ್ತಿತ್ತು. ಅದು ಅಪ್ಪ ಮಾಡಿದ ಮೇಜು. "ಇರ್ಲಿ ಬಿಡು. ಬಂದು ಕೆಲ್ಸ ಮಾಡೋರು ಯಾರಿದಾರೆ?" ಅಂದರು. ಹೇಳಬೇಕು ಎಂದು ಬಾಯಿ ತೆರೆದೆ. ಎಷ್ಟು ಸಲ ತೆರೆದಿದ್ದೆನೋ. ಹೇಳಿದರೆ ಒಂದಲ್ಲ ಎರಡು ಹೇಳಬೇಕಾಗುತ್ತಿತ್ತು: ಅಣ್ಣ ಇಲ್ಲ ಅನ್ನುವುದು, ನಾನು ಮುಚ್ಚಿಟ್ಟೆ ಅನ್ನುವುದು. ದಿನ ಕಳೆದಷ್ಟೂ ಎರಡನೆಯದೇ ದೊಡ್ಡದಾಗುತ್ತ ಹೋಯಿತು.

ನಮ್ಮೂರಲ್ಲಿ ಬಾಗಿಲು ಬಿಡಿಸುವುದು ಎಂದು ಒಂದು ಪದ್ಧತಿ ಇದೆ. ಬಹಳ ಅಪರೂಪ, ನನ್ನ ನೆನಪಿನಲ್ಲಿ ಎರಡೇ ಸಲ ನಡೆದಿದೆ. ಮನೆಯ ಮನುಷ್ಯ ಬದುಕಿದ್ದೂ ಬೇಡವಾದರೆ, ತಲೆಬಾಗಿಲನ್ನು ಕಳಚಿ ಬಡಗಿಯ ಮೇಜಿನ ಮೇಲೆ ಮಲಗಿಸಿ, ಕೈ ತಗುಲುವ ಅಂಚಿನಿಂದ ಒಂದು ನೂಲು ಕೊಯ್ದು ತೆಗೆಯಬೇಕು. ಕೊಯ್ಯುವ ಮೊದಲು ಮನೆಯವರು ಬಾಗಿಲ ಮೇಲೆ ಕೈಯಿಟ್ಟು ಮೂರು ಸಲ, "ಇವನ ಸಾವು ಈ ಬಾಗಿಲಿಗೆ ಬೇಡ" ಅನ್ನಬೇಕು. ಆ ಮೇಲೆ ಅವನು ಸತ್ತರೂ ಆ ಮನೆಯಲ್ಲಿ ಸಂದು ಬೀಳುವುದಿಲ್ಲ, ಯಾರೂ ಅವನಿಗಾಗಿ ಅಳುವುದಿಲ್ಲ. ಅಣ್ಣ ಹೋಗಿ ಐದೂವರೆ ವರ್ಷವಾದಾಗ ಅತ್ತಿಗೆ ನನ್ನ ಕೊಟ್ಟಿಗೆಗೆ ಬಂದು, "ಕಾಳಪ್ಪ, ನಾಳೆ ಬಾಗಿಲು ಬಿಡಿಸ್ಬೇಕು" ಅಂದರು. "ಅತ್ತಿಗೆ, ಇನ್ನೊಂದು ಸ್ವಲ್ಪ ದಿನ ನೋಡೋಣ" ಅಂದೆ. "ಇನ್ನೇನ್ ನೋಡೋದು? ದಿನಾ ಬೆಳಿಗ್ಗೆ ಎದ್ದು ಅವನು ಬದುಕಿದಾನಾ ಅಂತ ನೋಡೋದು, ಬದುಕಿದ್ರೆ ಸಂಜೆ ತನಕ ಉರ್ಕೊಳ್ಳೋದು. ಸಾಕಾಗಿದೆ ಕಣಪ್ಪ. ನಂಗೂ ವಯಸ್ಸಾಯ್ತು." ನೀನು ಮಾಡದಿದ್ದರೆ ಕೆಳಬೀದಿಯ ಬಸಾಚಾರಿಗೆ ಹೇಳುತ್ತೇನೆ ಎಂದೂ ಸೇರಿಸಿದರು. ಬೇರೆ ಬಡಗಿ ಬಾಗಿಲು ಕಳಚಿದರೆ ತಿರುಗಣಿಯ ಕಡೆಯ ಅಂಚು ನೋಡಿಯೇ ನೋಡುತ್ತಾನೆ. ಒಪ್ಪಿಕೊಂಡೆ.

ಬೆಳಿಗ್ಗೆ ಓಣಿಯ ನಾಲ್ಕು ಜನ, ಲೋಲಾಕ್ಷಿ, ಅತ್ತಿಗೆ ಎಲ್ಲ ಬಂದು ನಿಂತರು. ಬಲ ಪಡಿಯನ್ನು ನಾನೇ ಕಳಚಿ, ನಾನೇ ಹೊತ್ತು ತಂದು, ತಿರುಗಣಿಯ ಅಂಚು ಗೋಡೆಯ ಕಡೆಗೆ ಬರುವ ಹಾಗೆ ಮೇಜಿನ ಮೇಲೆ ಮಲಗಿಸಿದೆ. ಹಳಿಯನ್ನು ಗೂಟಕ್ಕೆ ಆನಿಸಿದೆ. ಒಂದು ನೂಲಿನ ಗಟ್ಟೆ ಇಟ್ಟು ಎರಡು ತೋಳಿನ ತಡೆಯನ್ನೂ ಹೊಂದಿಸಿದೆ. ಈ ಸಲವೂ ಯಾರಿಗೂ ತಿಳಿಯದೆ ಮುಗಿದುಹೋಗುತ್ತದೆ ಅನ್ನಿಸಿತು. ಅತ್ತಿಗೆ ಬಾಗಿಲಿನ ಮೇಲೆ ಅಂಗೈ ಊರಿದರು. "ಇವನ ಸಾವು ಈ ಬಾಗಿಲಿಗೆ ಬೇಡ" ಅಂದರು. ದನಿ ಗಟ್ಟಿಯಾಗಿತ್ತು. ಎರಡನೆಯ ಸಲ ಹೇಳುವಾಗ ಸ್ವಲ್ಪ ತಡವರಿಸಿದರು. ಅಂಗೈಯ ಕೆಳಗೆ, ಅದೇ ಹಲಗೆಯಲ್ಲಿ, ನಾಲ್ಕು ವರ್ಷದಿಂದ ನನ್ನ ಅಣ್ಣನ ಸಾವು ಇತ್ತು. ಅದನ್ನೇ ಮುಟ್ಟಿಕೊಂಡು ಬೇಡ ಅನ್ನುತ್ತಿದ್ದಾರೆ. ಅವನಿಗೆ ಈ ಭೂಮಿಯ ಮೇಲೆ ಅಳುವವರು ಇದ್ದದ್ದು ಅವರೊಬ್ಬರೇ.

"ಅತ್ತಿಗೆ, ಮೂರನೇ ಸಲ ಅನ್ಬೇಡಿ" ಅಂದೆ.

"ಯಾಕೆ?"

"ಅಣ್ಣ ಇಲ್ಲ."

"ಇಲ್ಲ ಅಂತ ಗೊತ್ತಲ್ಲಪ್ಪ. ಅದಕ್ಕೇ ತಾನೇ..." ಎಂದವರು ನನ್ನ ಮುಖ ನೋಡಿ ನಿಲ್ಲಿಸಿದರು. ನಾನು ಹಳಿ ಎತ್ತಿ ಪಕ್ಕಕ್ಕಿಟ್ಟು ಪಡಿಯನ್ನು ತಿರುಗಿಸಿದೆ. ಪಟ್ಟಿ ಕಾಣಲಿಲ್ಲ. ಅಷ್ಟು ಚೆನ್ನಾಗಿ ಕೂತಿತ್ತು ಹಾಳಾದದ್ದು. ಉಳಿಯ ಮೊನೆಯಿಂದ ಪಟ್ಟಿ ಕೂಡಿದ ಗೆರೆಯನ್ನು ಉದ್ದಕ್ಕೂ ಗೀರಿ ತೋರಿಸಬೇಕಾಯಿತು. ಅತ್ತಿಗೆ ಬಗ್ಗಿ ನೋಡಿದರು. ಗೆರೆಯ ಮೇಲೆ ಬೆರಳಿಟ್ಟು ಮೇಲಿಂದ ಕೆಳಗಿನವರೆಗೆ ಎಳೆದರು. ಬಡಗಿಯ ಮನೆಯ ಹೆಂಗಸು, ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಯಾವತ್ತು?" ಅಂದರು.

"ನೀವು ನಾಮಕರಣಕ್ಕೆ ಹೋಗಿದ್ರಲ್ಲ, ಎರಡನೇ ದಿನ. ಬೆಳಿಗ್ಗೆ ಹಾಳೆ ಬಿತ್ತು."

"ಅವತ್ತು ನಾನು ಹೋಳಿಗೆ ತಿಂದೆ" ಅಂದರು. "ಇನ್ನೊಂದು ಹಾಕು ಅಂತ ಕೇಳಿ ಹಾಕಿಸ್ಕೊಂಡು ತಿಂದೆ."

"ನಿಮಗೆ ದುಃಖ ಆಗುತ್ತೆ ಅಂತ ಅತ್ತಿಗೆ" ಎಂದು ಶುರುಮಾಡಿದೆ.

"ದುಃಖ!" ಎಂದು ಅವರು ಕೂಗಿದ ಕೂಗಿಗೆ ಲೋಲಾಕ್ಷಿ ಹಿಂದಕ್ಕೆ ಸರಿದಳು. "ಹೋದ್ರು ಅಂದಿದ್ರೆ ಅತ್ತುಬಿಡ್ತಿದ್ನಲ್ಲೋ. ಅತ್ತು, ಹೆಸರು ಹೇಳಿ, ಒಳ್ಳೇ ಮಾತಲ್ಲಿ ನೆನಸ್ಕೊಂಡು ಬಿದ್ದಿರ್ತಿದ್ದೆ. ವರ್ಷಗಟ್ಟಲೆ, ದಿನಾ ಸಂಜೆ, ಸತ್ತೋರನ್ನ ಬೈಸಿದೆಯಲ್ಲೋ ನನ್ನ ಕೈಲಿ. ಅವರ ಮೇಜು ಸುಡಿಸ್ದೆ. ಎದುರಿಗೇ ಇದ್ದೆ ನೀನು. ಕೇಳಿಸ್ಕೊಂಡು ಪಟ್ಟಿ ಕೊಯ್ತಾ ಇದ್ದೆ."

ನಾನು ಆಗ ನಿಜ ಹೇಳಿದೆ. ನಿಮಗೋಸ್ಕರ ಅಲ್ಲ ಅತ್ತಿಗೆ, ನೀವು ನನ್ನ ಕಡೆ ತಿರುಗಿ ನೋಡೋದು ನನಗೆ ಬೇಡವಾಗಿತ್ತು ಅಂದೆ. ಅವನು ಹೋದದ್ದು ನನ್ನ ಮಾತಿಗೆ ಅಂದೆ. ಇಷ್ಟು ಹೇಳುವಷ್ಟರಲ್ಲಿ ಅಳು ಬಂತು, ನಾಲ್ಕು ವರ್ಷದ್ದು ಒಟ್ಟಿಗೆ ಬಂತು. ಅತ್ತಿಗೆ ನನ್ನನ್ನು ನೋಡಲಿಲ್ಲ. "ಕೀಳು ಅದನ್ನ" ಅಂದರು. ಕಿತ್ತೆ. ಅವರ ಮನೆಗೆ ಹೋಗಿ ಬಾಗಿಲು, ಕಿಟಕಿ, ಪೆಟ್ಟಿಗೆ, ಒಂದೊಂದರಿಂದಲೂ ಕಿತ್ತು ತಂದು ಅವರ ಕಾಲ ಬಳಿ ಹಾಕಿದೆ. ಪಡಿಯನ್ನು ಮತ್ತೆ ಏರಿಸಿ ಮುಚ್ಚಿದಾಗ ಸಂದಿನಿಂದ ಓಣಿಯ ಬಿಸಿಲು ಒಳಗೆ ಉದ್ದಕ್ಕೆ ಬಿತ್ತು. ಅತ್ತಿಗೆ ಅದರ ಪಕ್ಕದಲ್ಲಿ ಕೂತು ಅಳತೊಡಗಿದರು. ಲೋಲಾಕ್ಷಿ ಒಳಗೆ ಹೋದಳು. ನನಗೆ ಹೋಗಲಾಗಲಿಲ್ಲ.

ಅವತ್ತಿನಿಂದ ಹನ್ನೆರಡು ದಿನ ಎಣಿಸಿದರು. ನಾನು ತಲೆ ಬೋಳಿಸಿಕೊಂಡು ನನ್ನ ಜಗುಲಿಯ ಮೇಲೆ ಕೂತು ಸೂತಕ ಹಿಡಿದೆ. ಹನ್ನೆರಡನೆಯ ದಿನಕ್ಕೆ ಅದೇ ಹಳೆಯ ತೇಗದಲ್ಲಿ ಇನ್ನೊಮ್ಮೆ ಕೊಯ್ದು ಇಟ್ಟಿದ್ದೆ, ಕರೆಯುತ್ತಾರೆ ಎಂದು. ಬೆಳಿಗ್ಗೆ ಕೆಳಬೀದಿಯ ಬಸಾಚಾರಿ ಚೀಲ ಹೊತ್ತುಕೊಂಡು ನನ್ನ ಮುಂದೆಯೇ ಹಾದು ಅವರ ಮನೆಗೆ ಹೋದ. ಅವನದು ಅವಸರದ ಕೈ. ಬೆಣೆ ತೂರಿಸಿ ಅಳೆಯಲಿಲ್ಲ, ಕಣ್ಣಂದಾಜಿಗೆ ಕೊಯ್ದು ಮೊಳೆ ಹೊಡೆದ. ಅತ್ತಿಗೆ ಪಟ್ಟಿಯ ಮೇಲೆ ಕೈಯಿಟ್ಟರು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದು ಅದೊಂದೇ ದಿನ. "ಮೌನೇಶ" ಅಂದರು. ಸಣ್ಣ ದನಿ, ಆದರೂ ಓಣಿ ದಾಟಿ ನನಗೆ ಕೇಳಿಸಿತು.

ಆ ಪಟ್ಟಿ ಕೆಳಗಡೆ ಅರ್ಧ ನೂಲು ದಪ್ಪವಾಗಿದೆ. ಬಾಗಿಲು ಹಾಕುವಾಗ ಸಿಕ್ಕಿಕೊಳ್ಳುತ್ತದೆ, ತೆಗೆಯುವಾಗ ಹೆಗಲು ಕೊಡಬೇಕು. ದಿನಾ ಬೆಳಿಗ್ಗೆ ಅತ್ತಿಗೆ ಎರಡು ಸಲ ನೂಕಿ, ಮೂರನೆಯದಕ್ಕೆ ದಡಕ್ಕನೆ ತೆಗೆಯುವುದು ನನ್ನ ಮೇಜಿನ ತನಕ ಕೇಳುತ್ತದೆ. ಮಳೆಗಾಲದಲ್ಲಿ ಇನ್ನೂ ಕಷ್ಟ. ನನಗೆ ಕಾಲು ಗಂಟೆಯ ಕೆಲಸ. ವರ್ಷವಾಯಿತು, ಅವರು ಕರೆಯಲಿಲ್ಲ. "ಕರೆಯೋದೇನು, ನೀವೇ ಹೋಗಿ" ಎಂದು ಲೋಲಾಕ್ಷಿ ದಿನಾ ಅಂದು ಅಂದು, ಮೊನ್ನೆ ಉಳಿಯ ಚೀಲ ತೆಗೆದುಕೊಂಡು ಓಣಿ ದಾಟಿದೆ. ಅತ್ತಿಗೆ ಆಗತಾನೆ ಬಾಗಿಲು ನೂಕಿ ತೆರೆದು, ಹೆಗಲು ಉಜ್ಜಿಕೊಳ್ಳುತ್ತ ನಿಂತಿದ್ದರು. ಬಹಳ ಸೊರಗಿದ್ದಾರೆ. "ಅತ್ತಿಗೆ, ಸ್ವಲ್ಪ ಹೆರೆದುಕೊಡ್ತೀನಿ, ನುಣ್ಣಗೆ ಕೂರುತ್ತೆ" ಅಂದೆ.

ಅವರು ಬೈಯಲಿಲ್ಲ. ನನ್ನ ಚೀಲವನ್ನೂ ಬಾಗಿಲನ್ನೂ ನೋಡಿದರು. "ಬೇಡ ಕಾಳಪ್ಪ, ಹಿಂಗೇ ಇರ್ಲಿ. ಬಾಗ್ಲು ಸರಿಯಾಗಿ ಕೂತ್ರೆ ನಂಗೆ ಭಯ ಆಗುತ್ತೆ" ಎಂದು ಹೇಳಿ ನೀರಿನ ಕೊಡ ತೆಗೆದುಕೊಂಡು ಬಾವಿಯ ಕಡೆಗೆ ಹೊರಟರು. ನಾನು ಚೀಲವನ್ನು ಹೆಗಲಿಗೆ ಹಾಕಿಕೊಂಡು ಓಣಿ ದಾಟಿ ಮನೆಗೆ ಬಂದೆ.